ಗುಡುಗಣ್ಣನ ಗೊರಕೆ ನಿಂತ ಮೇಲೆ

ಗುಡುಗಣ್ಣ ಎಂಬ ಹೆಸರು ಕೇಳಿದವರು, ಯಾರೋ ದೊಡ್ಡ ಗಂಟಲಿನ, ಮೇಜು ಗುದ್ದಿ ಮಾತಾಡುವ ಮನುಷ್ಯ ಇರಬೇಕು ಎಂದುಕೊಳ್ಳುತ್ತಿದ್ದರು. ಲಾರಿ ಶೆಡ್ಡಿಗೆ ಹೊಸದಾಗಿ ಸೇರಿದವರು ಅವನ ಎದುರಿಗೇ ನಿಂತು, "ಇಲ್ಲಿ ಗುಡುಗಣ್ಣ ಅಂದ್ರೆ ಯಾರು?" ಎಂದು ಕೇಳಿದ್ದೂ ಉಂಟು. ಅವನು ತನ್ನ ಎದೆಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದ, ಅಷ್ಟೇ. ಎಚ್ಚರವಾಗಿದ್ದಾಗ ಅವನ ಬಾಯಿಂದ ಒಂದು ಮಾತು ಹೊರಡಿಸುವುದೆಂದರೆ ಕಲ್ಲು ಹಿಂಡಿ ನೀರು ತೆಗೆದ ಹಾಗೆ. ಗುಡುಗು ಬರುತ್ತಿದ್ದದ್ದು ಅವನು ಕಣ್ಣು ಮುಚ್ಚಿದ ಮೇಲೆ.

ಅದು ಸಾಮಾನ್ಯ ಗೊರಕೆಯಲ್ಲ. ಮಧ್ಯಾಹ್ನ ಊಟ ಮುಗಿಸಿ ಡ್ರೈವರುಗಳು ಶೆಡ್ಡಿನ ಹಿಂದಿನ ಕೋಣೆಯಲ್ಲಿ ಸಾಲಾಗಿ ಮಲಗುತ್ತಿದ್ದರು. ಗುಡುಗಣ್ಣ ಬಂದು ಗೋಡೆಗೆ ಒರಗಿದನೆಂದರೆ ಒಬ್ಬೊಬ್ಬರೇ ಎದ್ದು ಚಾಪೆ ಸುತ್ತಿಕೊಳ್ಳುತ್ತಿದ್ದರು. ಮೆಕ್ಯಾನಿಕ್ ಹೊರಗಿನಿಂದ ಕೂಗುತ್ತಿದ್ದ: "ಯಾವನೋ ಅದು ಗಾಡಿ ಸ್ಟಾರ್ಟ್ ಮಾಡಿದ್ದು? ಸೈಲೆನ್ಸರ್ ಹೋಗಿದೆ, ಆಫ್ ಮಾಡ್ರೋ!" ಎಲ್ಲರೂ ನಗುತ್ತಿದ್ದರು. ಗುಡುಗಣ್ಣನಿಗೆ ಎಚ್ಚರವಾದರೆ ಅವನೂ ನಗುತ್ತಿದ್ದ. ಆಮೇಲೆ ಅವನು ಆ ಕೋಣೆಗೆ ಹೋಗುವುದನ್ನೇ ಬಿಟ್ಟ. ಶೆಡ್ಡಿನ ಮೂಲೆಯಲ್ಲಿ ಚಕ್ರ ಬಿಚ್ಚಿ ನಿಲ್ಲಿಸಿದ್ದ ಹಳೆಯ ಲಾರಿಯೊಂದಿತ್ತು. ಅದರ ಕ್ಯಾಬಿನ್ನಿನ ಗಾಜು ಏರಿಸಿಕೊಂಡು, ಬೆವರಿನಲ್ಲಿ ನೆನೆಯುತ್ತಾ ಮಲಗುವುದನ್ನು ಅಭ್ಯಾಸ ಮಾಡಿಕೊಂಡ. ಯಾರೂ ಅವನನ್ನು ಹೋಗು ಎಂದಿರಲಿಲ್ಲ. ಬಾ ಎಂದೂ ಕರೆಯಲಿಲ್ಲ.

ಮನೆಯಲ್ಲೂ ಹೀಗೇ ಆಗಿತ್ತು. ಮದುವೆಯಾದ ಹೊಸದರಲ್ಲಿ ಹೆಂಡತಿ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗುತ್ತಿದ್ದಳು. ಆಮೇಲೆ ಹಾಸಿಗೆಯನ್ನು ನಡುಮನೆಗೆ ಒಯ್ದಳು. ಅಲ್ಲಿಂದ ಅಡುಗೆಮನೆಗೆ. ಕೊನೆಗೆ ತಾಯಿಗೆ ಹುಷಾರಿಲ್ಲವೆಂದು ತವರಿಗೆ ಹೋದವಳು, ತಾಯಿ ಹುಷಾರಾದ ಮೇಲೂ ಅಲ್ಲೇ ಉಳಿದಳು. ಒಂದು ದಿನವೂ ಜಗಳ ಆಗಲಿಲ್ಲ. ಜಗಳ ಆಗಿದ್ದರೆ ರಾಜಿಯಾದರೂ ಮಾಡಿಕೊಳ್ಳಬಹುದಿತ್ತು. ಫೋನ್ ಮಾಡಿದಾಗ ಅವಳು, "ಊಟ ಆಯ್ತಾ?" ಎನ್ನುತ್ತಿದ್ದಳು. ಅವನು, "ಆಯ್ತು, ನಿಂದು?" ಎನ್ನುತ್ತಿದ್ದ. ಅಲ್ಲಿಗೆ ಮುಗಿಯುತ್ತಿತ್ತು. ಗುಡುಗಣ್ಣ ದೊಡ್ಡ ಮನೆ ಬಿಟ್ಟು ಒಂದು ಮಹಡಿ ಕೋಣೆಗೆ ಬಂದ. ಕೆಳಗಿನ ಮನೆಯ ಅಜ್ಜಿ ಪೊರಕೆಯ ಹಿಡಿಯಿಂದ ತನ್ನ ಮನೆಯ ಸೂರಿಗೆ ಕುಟ್ಟಿ ಅವನನ್ನು ಎಬ್ಬಿಸುತ್ತಿದ್ದಳು.

ಅವನ ಸದ್ದಿಗೆ ಬೇಸರಪಡದ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಇದ್ದ. ಅವನೇ ಮೇಷ್ಟ್ರು.

ಮೇಷ್ಟ್ರು ಶಾಲೆಯ ಮೇಷ್ಟ್ರಲ್ಲ. ಶೆಡ್ಡಿನ ಅರ್ಧ ಜನಕ್ಕೆ ಡ್ರೈವಿಂಗ್ ಕಲಿಸಿದವನು, ಕಲಿಸುವಾಗ ಸ್ಪ್ಯಾನರಿನಿಂದ ಮಂಡಿಗೆ ಹೊಡೆಯುತ್ತಿದ್ದವನು. ಅದಕ್ಕೇ ಆ ಹೆಸರು. ಅವನೂ ಗುಡುಗಣ್ಣನೂ ಒಂದೇ ಲಾರಿಯ ಜೋಡಿ ಡ್ರೈವರುಗಳು. ಲಾರಿಯಲ್ಲಿ ಇರುತ್ತಿದ್ದದ್ದು ಕಿಟಕಿಗೆ ಹಾಕುವ ಗಾಜು. ದೊಡ್ಡ ದೊಡ್ಡ ಹಾಳೆಗಳನ್ನು ಮರದ ಚೌಕಟ್ಟಿನಲ್ಲಿ ನಿಲ್ಲಿಸಿ, ನಡುವೆ ಕಾಗದ ತುರುಕಿ ಕಟ್ಟಿರುತ್ತಿದ್ದರು. ದೂರದ ದಾರಿ. ಒಬ್ಬ ಓಡಿಸುವಾಗ ಇನ್ನೊಬ್ಬ ಸೀಟಿನ ಹಿಂದೆ, ಪರದೆಯ ಆಚೆ ಇರುವ ಕಿರಿದಾದ ಹಲಗೆಯ ಮೇಲೆ ಮಲಗಬೇಕು. ಅವನು ಎದ್ದಾಗ ಇವನು ಮಲಗಬೇಕು. ಒಬ್ಬ ಬಿಟ್ಟೆದ್ದ ಹಾಸಿಗೆ ಆರುವ ಮೊದಲೇ ಇನ್ನೊಬ್ಬ ಅದರಲ್ಲಿ ಉರುಳಿಕೊಳ್ಳುತ್ತಿದ್ದ. ಇಂಥ ಜೋಡಿಯ ಸ್ನೇಹ ವಿಚಿತ್ರ. ವರ್ಷಗಟ್ಟಲೆ ಜೊತೆಗಿದ್ದರೂ ಇಬ್ಬರೂ ಒಟ್ಟಿಗೆ ಎಚ್ಚರವಾಗಿರುತ್ತಿದ್ದದ್ದು ಸ್ಟೇರಿಂಗ್ ಕೈ ಬದಲಾಗುವ ಹೊತ್ತಿನಲ್ಲಿ, ಒಂದು ಲೋಟ ಟೀ ಕುಡಿಯುವಷ್ಟು ಕಾಲ ಮಾತ್ರ.

"ನಿಂಗೆ ತೊಂದರೆ ಆಗಲ್ವಾ ಮೇಷ್ಟ್ರೇ, ನನ್ನ ಗೊರಕೆ?" ಎಂದು ಗುಡುಗಣ್ಣ ಕೇಳಲು ಹೋಗಿ, "ನಿಮಗೆ" ಎಂದು ತಿದ್ದಿಕೊಂಡಿದ್ದ, ಮೊದಲ ಸಲ ಜೊತೆಯಾದಾಗ.

"ರೇಡಿಯೋ ಕೆಟ್ಟು ಹೋಗಿದೆ. ಏನೋ ಒಂದು ಸದ್ದು ಬೇಕಲ್ಲ," ಎಂದಿದ್ದ ಮೇಷ್ಟ್ರು.

ಆ ಒಂದು ಮಾತಿಗೆ ಗುಡುಗಣ್ಣ ಅವನಿಗೆ ಋಣಿಯಾಗಿಬಿಟ್ಟಿದ್ದ. ಯಾರ ಕ್ಷಮೆಯನ್ನೂ ಕೇಳದೆ ಕಣ್ಣು ಮುಚ್ಚಬಹುದಾದ ಜಾಗವೆಂದರೆ ಅವನಿಗೆ ಆ ಹಲಗೆಯೊಂದೇ.

ಆದರೆ ಎಷ್ಟು ಮಲಗಿದರೂ ಅವನಿಗೆ ನಿದ್ದೆ ಸಾಲುತ್ತಿರಲಿಲ್ಲ. ಎದ್ದಾಗ ತಲೆ ಕಲ್ಲಾಗಿರುತ್ತಿತ್ತು, ಬಾಯಿ ಒಣಗಿ ಹಲಗೆಯಾಗಿರುತ್ತಿತ್ತು. ಸ್ಟೇರಿಂಗ್ ಹಿಡಿದಾಗ ಕೆನ್ನೆಗೆ ಹೊಡೆದುಕೊಳ್ಳುತ್ತಿದ್ದ, ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿಕೊಳ್ಳುತ್ತಿದ್ದ. ಒಂದು ದಿನ ಬೆಳಗಿನ ಬಿಸಿಲು ಚೆನ್ನಾಗಿ ಏರಿದ ಹೊತ್ತು. ರಸ್ತೆ ಗೆರೆ ಎಳೆದ ಹಾಗೆ ನೇರವಾಗಿತ್ತು. ಕಣ್ಣು ಯಾವಾಗ ಮುಚ್ಚಿತೋ ಅವನಿಗೆ ತಿಳಿಯಲಿಲ್ಲ. ತಿಳಿದದ್ದು ಲಾರಿ ರಸ್ತೆಯಂಚಿನ ಕಬ್ಬಿಣದ ತಡೆಗೆ ಉಜ್ಜಿಕೊಂಡು ಕಿರುಚಿದಾಗ. ಬ್ರೇಕ್ ತುಳಿದ. ಬೆನ್ನ ಹಿಂದೆ ಇಡೀ ಲೋಡು ಒಮ್ಮೆಲೇ ಸುರಿದ ಸದ್ದಾಯಿತು.

ಪರದೆ ಸರಿಸಿ ಮೇಷ್ಟ್ರು ಹೊರಗೆ ಬಂದ. ಹಣೆ ಹಲಗೆಯಂಚಿಗೆ ತಗುಲಿ ಊದಿತ್ತು. ಬೈಯಲಿಲ್ಲ. "ಕೈಕಾಲು ಸರಿ ಇದೆಯೇನೋ?" ಎಂದು ಕೇಳಿ, ಕೆಳಗಿಳಿದು ಹೋಗಿ ರಸ್ತೆಯಲ್ಲಿ ಹೊಳೆಯುತ್ತಿದ್ದ ಚೂರುಗಳನ್ನು ಕಾಲಿನಿಂದ ಬದಿಗೆ ತಳ್ಳತೊಡಗಿದ.

ಲಾರಿಯ ಒಡೆಯರಾದ ಸಾಹುಕಾರರೂ ಕೂಗಾಡಲಿಲ್ಲ. "ಗಾಜು ಹೋಗ್ಲಿಬಿಡಪ್ಪ, ಗಾಜು ಮತ್ತೆ ಬರುತ್ತೆ. ನಿನ್ನ ಮುಂದೆ ಒಂದು ಶಾಲೆ ವ್ಯಾನ್ ಇದ್ದಿದ್ರೆ?" ಎಂದರು. "ಡಾಕ್ಟರಿಗೆ ತೋರಿಸು. ಅವರು ಸರಿ ಅಂದ ದಿನ ಗಾಡಿ ಹತ್ತು. ಅಲ್ಲೀವರೆಗೂ ಶೆಡ್ಡಲ್ಲಿ ಗಾಡಿ ತೊಳ್ಕೊಂಡಿರು."

ಮೇಷ್ಟ್ರು ಬೇರೆ ಯಾರನ್ನೋ ಜೊತೆಗೆ ಹಾಕಿಕೊಂಡು ಹೊರಟ. ಹೊರಡುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಇವನು ಬಾಡಿಗೆಯವನು ಕಣೋ. ನಿನ್ನ ಜಾಗ ಹಾಗೇ ಇಟ್ಟಿರ್ತೀನಿ. ಬೇಗ ರಿಪೇರಿ ಮಾಡಿಸ್ಕೊಂಡು ಬಾ," ಎಂದ. ಪೈಪು ಹಿಡಿದು ನಿಂತಿದ್ದ ಗುಡುಗಣ್ಣ ತಲೆಯಾಡಿಸಿದ. ಆ ಜಾಗ ಅವನಿಗೆ ಬೇಕಾಗಿತ್ತು. ಅದಕ್ಕಾಗಿ ಏನು ಮಾಡಿಸಿಕೊಳ್ಳಲೂ ಅವನು ಸಿದ್ಧನಿದ್ದ.

ಆಸ್ಪತ್ರೆಯಲ್ಲಿ ಮೈಗೆಲ್ಲ ತಂತಿ ಅಂಟಿಸಿ ಅವನನ್ನು ಮಲಗಿಸಿ ನೋಡಿದರು. ಡಾಕ್ಟರಮ್ಮ ನಿಧಾನವಾಗಿ ಹೇಳಿದರು: "ನಿದ್ದೆಯಲ್ಲಿ ನಿಮ್ಮ ಉಸಿರು ನಿಂತುಹೋಗುತ್ತೆ. ಒಂದು ಸಲ ಅಲ್ಲ, ಮತ್ತೆ ಮತ್ತೆ. ಮೆದುಳು ಗಾಬರಿಯಾಗಿ ಎಬ್ಬಿಸುತ್ತೆ, ನಿಮಗೆ ಗೊತ್ತಾಗಲ್ಲ. ಹಾಸಿಗೆ ಮೇಲಿರ್ತೀರಿ ಅಷ್ಟೇ, ನಿದ್ದೆ ಮಾಡ್ತಿಲ್ಲ." ಮೊದಲು ಮುಖಕ್ಕೆ ಕಟ್ಟಿಕೊಂಡು ಮಲಗುವ, ಗಾಳಿ ಊದುವ ಯಂತ್ರ ಕೊಟ್ಟರು. ಗುಡುಗಣ್ಣ ಶ್ರದ್ಧೆಯಿಂದ ಕಟ್ಟಿಕೊಂಡ. ಆದರೆ ನಿದ್ದೆಯಲ್ಲಿ ಕೈ ತಾನಾಗಿಯೇ ಅದನ್ನು ಕಿತ್ತು ಹಾಕುತ್ತಿತ್ತು. ಪಟ್ಟಿ ಬಿಗಿ ಮಾಡಿದರು, ಬೇರೆ ಮಾದರಿ ಕೊಟ್ಟರು. ಬೆಳಿಗ್ಗೆ ಎದ್ದರೆ ಅದು ಕೈಯಲ್ಲಿ, ಸತ್ತ ಕೋಳಿಯ ಹಾಗೆ ನೇತಾಡುತ್ತಿರುತ್ತಿತ್ತು. ಕೊನೆಗೆ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದ ಡಾಕ್ಟರಮ್ಮ, ಅವನ ನಾಲಿಗೆಯ ಬುಡ ಬಹಳ ದಪ್ಪ, ಮಲಗಿದ ಕೂಡಲೇ ಹಿಂದಕ್ಕೆ ಬಿದ್ದು ಉಸಿರಿನ ದಾರಿಗೆ ಬಾಗಿಲು ಹಾಕುತ್ತದೆ ಎಂದರು. ಹಿಂಭಾಗದ ನಡುವಿನಿಂದ ಸ್ವಲ್ಪ ತೆಗೆದು ನಾಲಿಗೆಯನ್ನು ಚಿಕ್ಕದು ಮಾಡಬಹುದು ಎಂದೂ ಹೇಳಿದರು.

"ನೋವಿರುತ್ತೆ. ಮಾತು ಕೆಲ ಕಾಲ ತೊದಲುತ್ತೆ, ರುಚಿ ಬದಲಾಗಬಹುದು. ಪೂರ್ತಿ ವಾಸಿಯಾಗುತ್ತೆ ಅಂತ ನಾನು ಮಾತು ಕೊಡಲ್ಲ. ಯೋಚನೆ ಮಾಡಿ ಹೇಳಿ."

"ಗಾಡಿ ಹತ್ತಬಹುದಾ?" ಎಂದು ಕೇಳಿದ ಗುಡುಗಣ್ಣ. ಅವನಲ್ಲಿದ್ದ ಪ್ರಶ್ನೆ ಅದೊಂದೇ.

"ಮತ್ತೆ ಪರೀಕ್ಷೆ ಮಾಡಿ, ಚೆನ್ನಾಗಿ ಬಂದ್ರೆ ಹತ್ತಬಹುದು."

ಶೆಡ್ಡಿನಲ್ಲಿ ಸುದ್ದಿ ಹರಡಿತು. ಮೆಕ್ಯಾನಿಕ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಅನ್ಯಾಯ ಕಣ್ರೋ! ಬೆಳಗಿಂದ ಸಂಜೆವರೆಗೂ ನಾಲಿಗೆ ಉದ್ದ ಬಿಡೋ ನಮ್ಮ ಗುಮಾಸ್ತರು ಆರಾಮಾಗಿದಾರೆ, ಬಾಯಿ ಬಿಡದ ಈ ಪಾಪದವನ ನಾಲಿಗೆಗೆ ಕತ್ತರಿ!" ಗುಮಾಸ್ತರು, "ನಿಂದನ್ನ ಕತ್ತರಿಸೋಕೆ ಗರಗಸ ಬೇಕು, ಅದಕ್ಕೇ ಡಾಕ್ಟ್ರು ಕೈ ಹಾಕಿಲ್ಲ," ಎಂದರು. ಗುಡುಗಣ್ಣ ಬಕೆಟ್ ಎತ್ತಿಕೊಂಡು ಆಚೆ ಹೋದ.

ಆಪರೇಷನ್ನಿಗೆ ಮನೆಯವರು ಯಾರಾದರೂ ಜೊತೆಗಿರಬೇಕೆಂದಾಗ ಅವನು ಹೆಂಡತಿಗೆ ಫೋನ್ ಮಾಡಿದ. ಅವಳು ಬಂದಳು. ಫ್ಲಾಸ್ಕು, ಚಮಚ, ಮಡಿಸಿದ ಟವೆಲು, ಏನೂ ಮರೆಯದೆ ತಂದಿದ್ದಳು. ಎಚ್ಚರವಾದಾಗ ಬಾಯಿಯೊಳಗೆ ಯಾರೋ ಕೆಂಡದ ಉಂಡೆ ಇಟ್ಟು ಹೊಲಿದ ಹಾಗಿತ್ತು. ಊತ ಇಳಿಯುವವರೆಗೆ ಮೂಗಿಗೆ ಹಾಕಿದ ನಳಿಕೆಯಿಂದಲೇ ಆಹಾರ. ಆಮೇಲೆ ಅವಳು ತಣ್ಣನೆಯ ಹಾಲನ್ನು ಚಮಚದಲ್ಲಿ ಹನಿಹನಿಯಾಗಿ ಕುಡಿಸಿದಳು. ಅವಳು ಇಷ್ಟು ಹತ್ತಿರ ಕೂತು ಎಷ್ಟು ಕಾಲವಾಗಿತ್ತೋ. ಅವಳ ಕಿವಿಯ ಪಕ್ಕ ಕೂದಲು ಬೆಳ್ಳಗಾಗಿದ್ದನ್ನು ಅವನು ಈಗ ನೋಡಿದ.

ಮಾತು ಬರುತ್ತಿರಲಿಲ್ಲ. ಫೋನಿನಲ್ಲಿ ಒತ್ತಿ ತೋರಿಸಿದ: "ಇನ್ನು ಗೊರಕೆ ಇರಲ್ಲ ಅಂತೆ."

ಅವಳು ಓದಿದಳು. ಚಮಚವನ್ನು ತೊಳೆದಳು, ಒರೆಸಿದಳು, ಬಟ್ಟೆಯಲ್ಲಿ ಸುತ್ತಿದಳು.

"ಒಳ್ಳೇದಾಯ್ತು. ನಿಮ್ಮ ಆರೋಗ್ಯ ಮುಖ್ಯ," ಎಂದಳು. ಆಮೇಲೆ ಕಿಟಕಿಯ ಕಡೆ ನೋಡುತ್ತಾ, "ನನಗೆ ಈಗ ಒಬ್ಬಳೇ ಮಲಗಿ ಅಭ್ಯಾಸ ಆಗಿಹೋಗಿದೆ ರೀ. ಪಕ್ಕದಲ್ಲಿ ಯಾರಾದ್ರೂ ಹೊರಳಿದ್ರೂ ಎಚ್ಚರ ಆಗುತ್ತೆ. ಬೇಜಾರು ಮಾಡ್ಕೋಬೇಡಿ," ಎಂದಳು. ಅವನು ಇಲ್ಲವೆಂದು ತಲೆಯಾಡಿಸಿದ. ಆಸ್ಪತ್ರೆಯಿಂದ ಬಿಡುವವರೆಗೂ ಅವಳು ಇದ್ದಳು, ಕೋಣೆಯವರೆಗೂ ಬಂದು ಬಿಟ್ಟಳು, ಕೆಳಗಿನ ಅಜ್ಜಿಗೆ ಹೇಳಿ ಗಂಜಿಗೆ ವ್ಯವಸ್ಥೆ ಮಾಡಿ ಬಸ್ಸು ಹತ್ತಿದಳು.

ಆಮೇಲೆ ಅವನು, ಕೋಣೆ, ಗೋಡೆಗೆ ನೇತುಹಾಕಿದ ಚಿಕ್ಕ ಕನ್ನಡಿ. ಊತ ಇಳಿದ ಮೇಲೆ ಜೋರಾಗಿ ಮಾತಾಡಿ ಅಭ್ಯಾಸ ಮಾಡಬೇಕೆಂದು ಡಾಕ್ಟರಮ್ಮ ಹೇಳಿದ್ದರು. ಯಾರ ಹತ್ತಿರ ಮಾತಾಡುವುದು? ಕನ್ನಡಿಯ ಮುಂದೆ ನಿಂತು ಗಾಡಿಯ ಭಾಗಗಳ ಹೆಸರು ಹೇಳಿದ. "ಸ್ಟೇರಿಂಗ್. ರೇಡಿಯೇಟರ್. ಸ್ಟೆಪ್ನಿ." ಬಿಸಿ ಆಲೂಗಡ್ಡೆ ಬಾಯಲ್ಲಿಟ್ಟುಕೊಂಡವನ ಹಾಗೆ ಕೇಳುತ್ತಿತ್ತು. ಟೀ ಕುಡಿದರೆ ಕಬ್ಬಿಣ ನೆಕ್ಕಿದ ರುಚಿ. ಆದರೆ ಒಂದು ಬೆಳಿಗ್ಗೆ ಎದ್ದಾಗ ಏನೋ ಕಡಿಮೆಯಾಗಿದೆ ಎನ್ನಿಸಿ ಗಾಬರಿಯಾದ. ಎದ್ದು ಕೂತು ತಡಕಾಡಿದ. ಆಮೇಲೆ ಗೊತ್ತಾಯಿತು, ತಲೆಯ ಭಾರ ಇರಲಿಲ್ಲ. ಕಿಟಕಿಯ ಆಚೆ ತಂತಿಯ ಮೇಲೆ ಒಣಗುತ್ತಿದ್ದ ಬಟ್ಟೆಗಳ ಬಣ್ಣ ಕೂಡ ಹೊಸದಾಗಿ ಕಂಡಿತು. ಯಾರಿಗಾದರೂ ಹೇಳಬೇಕು ಎಂದು ಮೆಟ್ಟಿಲಿಳಿದು ಹೋದರೆ ಅಜ್ಜಿ ಬೆಚ್ಚಿಬಿದ್ದಳು.

"ಅಯ್ಯೋ, ಮನೇಲೇ ಇದೀಯೇನಪ್ಪಾ? ಸದ್ದೇ ಇಲ್ಲ, ಎಲ್ಲೋ ಹೋಗಿದಾನೆ ಅಂದ್ಕೊಂಡು ಗಂಜಿ ಕಡಿಮೆ ಮಾಡಿಬಿಟ್ಟೆ."

ಎರಡನೆಯ ಪರೀಕ್ಷೆ ಚೆನ್ನಾಗಿ ಬಂತು. ಡಾಕ್ಟರಮ್ಮ ಗಾಡಿ ಹತ್ತಬಹುದು ಎಂದರು. ಬಾಡಿಗೆಯ ಡ್ರೈವರನನ್ನು ಕಳಿಸಿ ಮೇಷ್ಟ್ರು ಹಲಗೆಯ ಮೇಲಿನ ಧೂಳು ಒರೆಸಿಟ್ಟಿದ್ದ. "ಬಂದ್ಯಾ? ಎಲ್ಲಿ, ಬಾಯಿ ತೆಗಿ. ಹೂಂ, ಇನ್ನೂ ಇದೆಯಲ್ಲೋ ನಾಲಿಗೆ, ಪೂರ್ತಿ ಕೊಯ್ದಿದಾರೆ ಅಂದ್ರಲ್ಲ!" ಎಂದು ಬೆನ್ನಿಗೆ ಗುದ್ದಿದ. ಗುಡುಗಣ್ಣ ತನ್ನ ದಿಂಬನ್ನು ಹಲಗೆಯ ಮೇಲೆ ಇಟ್ಟ.

ಬೆಳಿಗ್ಗೆ ಗಾಜು ತುಂಬಿಸಿಕೊಂಡು ಹೊರಟರು. ಮೊದಲ ಸರದಿ ಮೇಷ್ಟ್ರದು. ಗುಡುಗಣ್ಣ ಪರದೆ ಎಳೆದುಕೊಂಡು ಕಾಲು ಚಾಚಿದ. ನಿದ್ದೆ ಹಿತವಾಗಿ ಹತ್ತಿತು. ಅಷ್ಟರಲ್ಲಿ ಗಾಡಿ ಸಣ್ಣಗೆ ಕುಲುಕಿತು. ಎಚ್ಚರವಾಯಿತು. ರಸ್ತೆಯಲ್ಲಿ ಉಬ್ಬು ಇರಬೇಕು ಎಂದುಕೊಂಡು ಕಣ್ಣು ಮುಚ್ಚಿದ. ಮತ್ತೆ ಕುಲುಕಿತು. ಹೀಗೇ ಸರದಿಯುದ್ದಕ್ಕೂ. ಟೀ ಅಂಗಡಿಯಲ್ಲಿ ಇಳಿದಾಗ ಮೇಷ್ಟ್ರ ಅಂಗಿ ಬೆನ್ನಿಗೆ ಅಂಟಿತ್ತು. "ರಸ್ತೆ ಕೆಟ್ಟಿದೆ," ಎಂದಷ್ಟೇ ಹೇಳಿದ.

ಗುಡುಗಣ್ಣ ತನ್ನ ಸರದಿ ಓಡಿಸಿದ. ಕಣ್ಣು ತೊಳೆದಿಟ್ಟ ಹಾಗಿತ್ತು, ದೂರದ ತಿರುವಿನ ಕಲ್ಲೂ ಸ್ಪಷ್ಟ. ಇಷ್ಟು ವರ್ಷ ಇದನ್ನೆಲ್ಲ ನೋಡದೆ ಓಡಿಸಿದೆನಲ್ಲ ಎಂದು ಹೆದರಿಕೆಯಾಯಿತು.

ಮತ್ತೆ ಮೇಷ್ಟ್ರ ಸರದಿ ಬಂದಾಗ ಮತ್ತೆ ಅದೇ ಕುಲುಕಾಟ. ಈ ಸಲ ಗುಡುಗಣ್ಣ ಪರದೆಯನ್ನು ಬೆರಳಷ್ಟು ಸರಿಸಿ ನೋಡಿದ. ರಸ್ತೆಯಲ್ಲಿ ಒಂದು ಉಬ್ಬೂ ಇಲ್ಲ, ಕನ್ನಡಿಯಂತೆ ನುಣುಪು. ಮೇಷ್ಟ್ರ ಕಣ್ಣು ಮಾತ್ರ ರಸ್ತೆಯ ಮೇಲಿರಲಿಲ್ಲ. ತಲೆಯ ಮೇಲಿನ ಕನ್ನಡಿಯನ್ನು ಹಲಗೆಯ ಕಡೆಗೆ ತಿರುಗಿಸಿಕೊಂಡು ಪರದೆಯನ್ನೇ ನೋಡುತ್ತಿದ್ದ. ಎದುರಿನಿಂದ ಒಂದು ಟ್ರ್ಯಾಕ್ಟರ್ ಹಾರ್ನ್ ಬಡಿಯುತ್ತಾ ಪಕ್ಕದಲ್ಲೇ ಉಜ್ಜಿದಂತೆ ಹಾದುಹೋಯಿತು. ಮೇಷ್ಟ್ರು ಬೆಚ್ಚಿ ಸ್ಟೇರಿಂಗ್ ತಿರುಗಿಸಿದ, ಲಾರಿಯನ್ನು ಒಂದು ಮರದ ಕೆಳಗೆ ನಿಲ್ಲಿಸಿದ.

"ಯಾಕ್ ಮೇಷ್ಟ್ರೇ, ಬ್ರೇಕ್ ಹಾಕ್ತಾನೇ ಇದೀರಾ?" ಎಂದ ಗುಡುಗಣ್ಣ. ಮಾತು ಇನ್ನೂ ದಪ್ಪಗಿತ್ತು.

"ಅಭ್ಯಾಸ ಕಣೋ."

"ಎಂಥ ಅಭ್ಯಾಸ?"

ಮೇಷ್ಟ್ರು ಇಳಿದು ಮುಖ ತೊಳೆದುಕೊಂಡ. ಒರೆಸಿಕೊಳ್ಳುತ್ತಾ ಹೇಳಿದ: "ನಿನ್ನ ಗೊರಕೆ ಬರ್ತಾ ಬರ್ತಾ ನಿಂತುಬಿಡ್ತಿತ್ತು. ಅದು ನಿಂತಾಗ ನಾನೂ ಉಸಿರು ಬಿಗಿ ಹಿಡೀತಿದ್ದೆ. ಇನ್ನೂ ಬರ್ಲಿಲ್ಲ, ಇನ್ನೂ ಬರ್ಲಿಲ್ಲ ಅನ್ನಿಸಿದಾಗ ಬ್ರೇಕ್ ಮೇಲೆ ಒಂಚೂರು ಕಾಲಿಡ್ತಿದ್ದೆ. ಗಾಜು ಅಲುಗಬಾರದು, ನಿನಗೆ ಎಚ್ಚರ ಆಗಬಾರದು, ಅಷ್ಟೇ ಅಷ್ಟು. ಗಾಡಿ ಕುಲುಕಿದ್ರೆ ನೀನು ಗೊರ್ರ್ ಅಂತ ಮತ್ತೆ ಶುರು ಮಾಡ್ತಿದ್ದೆ. ಹಳೇ ಇಂಜಿನ್ ತಳ್ಳಿ ಸ್ಟಾರ್ಟ್ ಮಾಡ್ತೀವಲ್ಲ, ಹಾಗೆ."

"ಯಾವಾಗಿಂದ?"

"ಮೊದಲ್ನೇ ಟ್ರಿಪ್ಪಿಂದ."

"ಒಂದು ಸಲಾನೂ ಹೇಳ್ಲಿಲ್ವಲ್ಲ."

"ಏನಂತ ಹೇಳೋದು? ಇವನ ಜಾಯಮಾನವೇ ಹೀಗೆ ಅಂದ್ಕೊಂಡೆ. ಹೇಳಿದ್ರೆ ನೀನು ಮಲಗೋಕೇ ಹೆದರ್ತಿದ್ದೆ. ಆಗ್ಲೇ ಡಾಕ್ಟ್ರ ಹತ್ರ ಅಟ್ಟಿದ್ರೆ ಆಗ್ತಿತ್ತು, ಬುದ್ಧಿ ಇರ್ಲಿಲ್ಲ." ಟವೆಲನ್ನು ಹೆಗಲಿಗೆ ಹಾಕಿಕೊಂಡ. "ಈಗ ಸದ್ದೇ ಇಲ್ಲ ನೋಡು. ಇದಾನೋ ಹೋದನೋ ಗೊತ್ತಾಗಲ್ಲ. ತಲೆ ಹೇಳುತ್ತೆ, ಮಹರಾಯ, ಅವನಿಗೆ ವಾಸಿಯಾಗಿದೆ, ರಸ್ತೆ ನೋಡು ಅಂತ. ಕಾಲು ಕೇಳಲ್ಲ."

ಗುಡುಗಣ್ಣ ಹಲಗೆಯ ಕಡೆ ನೋಡಿದ. ತಾನು ಒಬ್ಬನೇ ಮಲಗಿದ್ದೆನೆಂದುಕೊಂಡಿದ್ದ ಅಷ್ಟೂ ಸರದಿಗಳಲ್ಲಿ ಒಬ್ಬ ಮನುಷ್ಯ ತನ್ನ ಉಸಿರನ್ನು ಕಾಯುತ್ತಾ ಕೂತಿದ್ದ. ಗುಡುಗಣ್ಣ ಕ್ಯಾಬಿನ್ ಹತ್ತಿ ಹಲಗೆಯ ಮೇಲೆ ಮಲಗಿ, ಗಂಟಲು ಸರಿಮಾಡಿಕೊಂಡು, "ಖರ್ರ್... ಖರ್ರ್..." ಎಂದ.

ಮೇಷ್ಟ್ರು ಒಂದು ಕ್ಷಣ ಕಣ್ಣರಳಿಸಿ ನಿಂತ. ಆಮೇಲೆ ಬಾಗಿಲು ಹಿಡಿದುಕೊಂಡು ನಗಲು ಶುರುಮಾಡಿದ. "ಥೂ, ನಿಲ್ಸೋ! ಇದು ಗೊರಕೆನಾ? ಹಂದಿಮರಿ ಬಾಲ ತುಳಿದ ಹಾಗಿದೆ." ಗುಡುಗಣ್ಣನೂ ನಕ್ಕ. ಅವರಿಬ್ಬರೂ ಹೀಗೆ ಒಟ್ಟಿಗೆ ನಕ್ಕದ್ದು ಅಪರೂಪ. ನಗುತ್ತಲೇ ಮೇಷ್ಟ್ರು ಕಣ್ಣೊರೆಸಿಕೊಂಡ.

"ನೀನು ರಿಪೇರಿ ಆಗಿ ಬಂದೆ. ನಾನು ಆಗಿಲ್ಲ," ಎಂದ. "ಸಾಹುಕಾರರಿಗೆ ಹೇಳಿ ನಾನು ಊರೊಳಗಿನ ಸಣ್ಣ ಗಾಡಿ ತಗೋತೀನಿ. ಇದು ನಿನಗಿರಲಿ."

"ಬೇಡ ಮೇಷ್ಟ್ರೇ." ಗುಡುಗಣ್ಣ ಕೆಳಗೆ ಹಾರಿದ. ತನ್ನ ಜೀವಮಾನದಲ್ಲೇ ಅವನು ಇಷ್ಟುದ್ದ ಮಾತಾಡಿರಲಿಲ್ಲ. ನಾಲಿಗೆ ತಡವರಿಸಿದರೂ ಬಿಡಲಿಲ್ಲ. "ಸ್ವಲ್ಪ ದಿನ ನೋಡೋಣ. ಅಭ್ಯಾಸ ಆಗುತ್ತೆ. ನಾನು ಕಾಲಿಗೆ ಗೆಜ್ಜೆ ಕಟ್ಕೋತೀನಿ, ಅಲ್ಲಾಡಿಸ್ತಾ ಇರ್ತೀನಿ. ನಿಮ್ಮ ಜೊತೆ ಇರ್ಬೇಕು ಅಂತಲೇ ಕೊಯ್ಸ್ಕೊಂಡಿದ್ದು ಮೇಷ್ಟ್ರೇ. ಇನ್ಯಾರಿಗೋಸ್ಕರ?"

ಮೇಷ್ಟ್ರು ಅವನ ಹೆಗಲ ಮೇಲೆ ಕೈಯಿಟ್ಟ. "ಗೊತ್ತು ಕಣೋ. ಆದ್ರೆ ಆ ಟ್ರ್ಯಾಕ್ಟರ್ ಮೇಲೆ ಇಬ್ಬರು ಹೆಂಗಸರು ಕೂತಿದ್ರು. ನಾನು ನೋಡಿದ್ದು ಅವರು ಹಿಂದೆ ಹೋದ ಮೇಲೆ."

ಉಳಿದ ದಾರಿಯನ್ನೆಲ್ಲ ಗುಡುಗಣ್ಣನೇ ಓಡಿಸಿದ, ಮೇಷ್ಟ್ರು ಸರಿಸಿಕೊಂಡಿದ್ದ ಸೀಟನ್ನಾಗಲಿ ಕನ್ನಡಿಯನ್ನಾಗಲಿ ಮುಟ್ಟದೆ. ಮೇಷ್ಟ್ರು ಮಲಗಲು ಹೋಗದೆ ಪಕ್ಕದ ಸೀಟಿನಲ್ಲಿ ಕೂತ. ಮಾತಾಡಲು ಬೇಕಾದಷ್ಟು ಹೊತ್ತಿತ್ತು. ಮೇಷ್ಟ್ರು ಹೊಲಗಳನ್ನು ನೋಡುತ್ತಾ, "ಈ ಸಲ ಬೇಗ ಕೊಯ್ದಿದಾರೆ," ಎಂದ. ಗುಡುಗಣ್ಣ, "ಹೂಂ," ಎಂದ.

ಶೆಡ್ಡಿಗೆ ಮರಳಿದ ಮಾರನೆಯ ದಿನ ಮೇಷ್ಟ್ರು ಬಂದು ಹಲಗೆಯಿಂದ ತನ್ನ ದಿಂಬು ತೆಗೆದುಕೊಂಡ. ಎರಡು ದಿಂಬಿಗೂ ಒಂದೇ ಎಣ್ಣೆಗಲೆ. ಯಾವುದು ಯಾರದೆಂದು ಒಂದು ಕ್ಷಣ ಇಬ್ಬರೂ ಅನುಮಾನಿಸಿದರು. "ಊಟ ಸರಿಯಾಗಿ ಮಾಡು," ಎಂದು ಹೇಳಿ, ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಸಣ್ಣ ಗಾಡಿಗಳು ನಿಲ್ಲುವ ಕಡೆಗೆ ನಡೆದ.

ಹೊಸ ಜೊತೆಗಾರ ಬೇರೆ ಕಂಪನಿಯಲ್ಲಿ ಕೆಲಸ ಮಾಡಿ ಬಂದ ಅನುಭವಸ್ಥ, ಗುಡುಗಣ್ಣನದೇ ವಯಸ್ಸು. ಚೀಲವನ್ನು ಕೊಂಡಿಗೆ ನೇತುಹಾಕಿ, ಹಾಸಿಗೆಯನ್ನು ಕೊಡವಿ, ಸಂಕೋಚದಿಂದ ಕೇಳಿದ: "ತಪ್ಪು ತಿಳೀಬೇಡಿ ಅಣ್ಣಾ, ನೀವು ಗೊರಕೆ ಹೊಡೀತೀರಾ? ಹಿಂದಿನಿಂದ ಸದ್ದು ಬಂದ್ರೆ ನನಗೆ ಓಡ್ಸೋಕಾಗಲ್ಲ."

"ಇಲ್ಲ," ಎಂದ ಗುಡುಗಣ್ಣ.

"ಸದ್ಯ, ಬದುಕಿದೆ!" ಎಂದು ಅವನು ಪರದೆ ಎಳೆದುಕೊಂಡ.

ಮೇಷ್ಟ್ರ ಉದ್ದ ಕಾಲಿಗೆ ತಕ್ಕಂತೆ ಹಿಂದಕ್ಕೆ ಸರಿದಿದ್ದ ಸೀಟನ್ನು ಗುಡುಗಣ್ಣ ಮುಂದಕ್ಕೆ ಎಳೆದುಕೊಂಡ, ಹಲಗೆಯ ಕಡೆಗೆ ತಿರುಗಿದ್ದ ಕನ್ನಡಿಯನ್ನು ರಸ್ತೆಗೆ ಸರಿಪಡಿಸಿದ, ಗಾಡಿ ತೆಗೆದ.